ಪೊಟ್ಟಣದ ಮೇಲೆ ಆಂಟಿಆಕ್ಸಿಡೆಂಟ್, ಲೋಟದಲ್ಲಿ ಕಷಾಯ: ಕಾಡು ಗಿಡ, ತೋಟದ ಗಿಡದ ಲೆಕ್ಕ

ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಗಳಲ್ಲಿ ಈಗ ಒಂದು ಕಪಾಟು ಹರ್ಬಲ್ ಪೊಟ್ಟಣಗಳಿಗೇ ಮೀಸಲು. ಮಜ್ಜಿಗೆ ಹುಲ್ಲು, ತುಳಸಿ, ಶಂಖಪುಷ್ಪ, ದಾಸವಾಳ, ಅಮೃತಬಳ್ಳಿ, ಒಣಗಿಸಿದ ನೆಲ್ಲಿಕಾಯಿ, ಏನು ಬೇಕೋ ಅದು ಸಿಗುತ್ತದೆ. ಸಕಲೇಶಪುರದ ಹೆದ್ದಾರಿ ಬದಿಯ ಅಂಗಡಿಗಳಲ್ಲೂ ಇದೇ ಸರಕು. ಹೋಮ್‌ಸ್ಟೇಗೆ ಬಂದವರು ಹೋಗುವಾಗ ಎರಡು ಪೊಟ್ಟಣ ಕೊಂಡೇ ಹೋಗುತ್ತಾರೆ. ಹೆಚ್ಚಿನ ಪೊಟ್ಟಣಗಳ ಮೇಲೆ ಎರಡು ಮಾತು ಕಾಣುತ್ತವೆ: ‘ಕಾಡಿನಿಂದ ತಂದದ್ದು’ ಮತ್ತು ‘ಆಂಟಿಆಕ್ಸಿಡೆಂಟ್ ಭರಪೂರ’.

2025ರ ಡಿಸೆಂಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಚಹಾ ಗಿಡದ ಎಲೆಯಿಂದ ಮಾಡದ ಯಾವ ಪಾನೀಯವನ್ನೂ ‘ಟೀ’ ಎಂಬ ಹೆಸರಲ್ಲಿ ಮಾರುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಪೊಟ್ಟಣದ ಹೆಸರು ತಿದ್ದಿದರೆ ಆ ವಿಷಯ ಮುಗಿಯಿತು. ನನ್ನ ಚಿಂತೆ ಹೆಸರಿನದ್ದಲ್ಲ. ಆ ಎರಡು ಮಾತುಗಳನ್ನು ನಂಬಿ ಜನ ದುಡ್ಡು ಕೊಡುತ್ತಿದ್ದಾರೆ. ಕೆಲವರು ಮಾತ್ರೆ ಬಿಟ್ಟು ಕಷಾಯ ಹಿಡಿಯುತ್ತಿದ್ದಾರೆ. ಹಾಗಾಗಿ ಆ ಮಾತುಗಳಲ್ಲಿ ಎಷ್ಟು ಹುರುಳಿದೆ ಎಂದು ನೋಡಲೇಬೇಕು.

ಮೊದಲು ಆಂಟಿಆಕ್ಸಿಡೆಂಟ್ ವಿಷಯ. ನಮ್ಮ ದೇಹ ಉಸಿರಾಡಿ ಶಕ್ತಿ ಮಾಡಿಕೊಳ್ಳುವಾಗ ಫ್ರೀ ರ್‍ಯಾಡಿಕಲ್ ಎಂಬ ಕಣಗಳು ಹುಟ್ಟುತ್ತವೆ. ಇವುಗಳಲ್ಲಿ ಜೊತೆಯಿಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ. ಪಕ್ಕದ ಕಣದಿಂದ ಒಂದನ್ನು ಕಿತ್ತುಕೊಳ್ಳುವ ತನಕ ಇವಕ್ಕೆ ನೆಲೆಯಿಲ್ಲ. ಕಳೆದುಕೊಂಡ ಕಣ ಮತ್ತೊಂದರಿಂದ ಕಿತ್ತುಕೊಳ್ಳುತ್ತದೆ, ಹೀಗೆ ಸರಣಿ ಸಾಗುತ್ತದೆ. ಡಬ್ಬದಲ್ಲಿ ಉಳಿದ ಹಳೇ ಎಣ್ಣೆ ಕಮಟು ಹಿಡಿಯುವುದೂ ಇದೇ ಬಗೆಯ ಸರಣಿಯಿಂದ. ತನ್ನದನ್ನು ಕೊಟ್ಟು ಈ ಸರಣಿಯನ್ನು ನಿಲ್ಲಿಸುವ ವಸ್ತುವೇ ಆಂಟಿಆಕ್ಸಿಡೆಂಟ್. ಗಿಡಗಳಲ್ಲಿ ಇವು ಬೇಕಾದಷ್ಟಿವೆ. ತುಳಸಿ, ದೊಡ್ಡಪತ್ರೆ, ಪುದೀನ ಒಂದೇ ಕುಟುಂಬದವು, ಅವುಗಳಲ್ಲಿ ರೋಸ್ಮರಿನಿಕ್ ಆಮ್ಲ ಇದೆ. ನೆಲ್ಲಿಕಾಯಿಯ ಒಗರಿಗೆ ಕಾರಣವಾದ ಟ್ಯಾನಿನ್‌ಗಳೂ ಈ ಸಾಲಿನವೇ. ಶಂಖಪುಷ್ಪದ ನೀಲಿ ಬಣ್ಣ ಆಂಥೋಸಯನಿನ್‌ನದು. ನಿಂಬೆರಸ ಹಿಂಡಿದ ತಕ್ಷಣ ಅದು ನೇರಳೆಗೆ ತಿರುಗುತ್ತದಲ್ವಾ, ಅದು ಹುಳಿಗೆ ಆ ವಸ್ತು ಬದಲಾಗುವ ರೀತಿ.

ಇದನ್ನು ಅಳೆಯುವುದು ಹೇಗೆ? ಕಾಲೇಜು ಪ್ರಯೋಗಾಲಯಗಳಲ್ಲಿ ಹೆಚ್ಚು ನಡೆಯುವುದು ಡಿಪಿಪಿಎಚ್ ಪರೀಕ್ಷೆ. ಡಿಪಿಪಿಎಚ್ ಒಂದು ಪುಡಿ. ಮದ್ಯಸಾರದಲ್ಲಿ ಕರಗಿಸಿದರೆ ಕಡು ನೇರಳೆ ದ್ರಾವಣ. ಅದೇ ಒಂದು ಫ್ರೀ ರ್‍ಯಾಡಿಕಲ್. ಅದಕ್ಕೆ ಎಲೆಯ ಸಾರ ಹಾಕಿ ಕತ್ತಲಲ್ಲಿ ಸುಮಾರು ಅರ್ಧ ಗಂಟೆ ಇಡುತ್ತಾರೆ. ಸಾರದಲ್ಲಿ ಆಂಟಿಆಕ್ಸಿಡೆಂಟ್ ಇದ್ದರೆ ನೇರಳೆ ಬಣ್ಣ ತೆಳುವಾಗಿ ಕೊನೆಗೆ ಹಳದಿಯಾಗುತ್ತದೆ. 517 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣ ಎಷ್ಟು ಇಳಿಯಿತು ಎಂದು ಯಂತ್ರ ಓದುತ್ತದೆ. ನೋಡಲು ಚೆಂದ, ಖರ್ಚು ಕಡಿಮೆ, ಒಂದೇ ದಿನದಲ್ಲಿ ಹತ್ತಾರು ಗಿಡ ಪರೀಕ್ಷಿಸಬಹುದು. ಆದ್ದರಿಂದಲೇ ಇಂಥ ವರದಿಗಳು ರಾಶಿ ರಾಶಿ ಬರುತ್ತವೆ.

ಆದರೆ ಈ ಡಿಪಿಪಿಎಚ್ ನಮ್ಮ ದೇಹದಲ್ಲಿ ಎಲ್ಲೂ ಇಲ್ಲ. ಗಾಜಿನ ಕೊಳವೆಯಲ್ಲಿ ಮದ್ಯಸಾರದೊಳಗೆ ನಡೆದ ಒಂದು ಬಣ್ಣದ ಲೆಕ್ಕ ಅದು. ಜೊತೆಗೆ ಎಷ್ಟೋ ಪ್ರಯೋಗಗಳಲ್ಲಿ ಎಲೆಯ ಸಾರ ತೆಗೆಯುವುದು ಮೆಥನಾಲ್‌ನಲ್ಲಿ. ನಾವು ಮನೆಯಲ್ಲಿ ಕಷಾಯ ಕಾಯಿಸುವುದು ನೀರಿನಲ್ಲಿ. ಮೆಥನಾಲ್ ಎಳೆದು ತರುವ ಎಲ್ಲವನ್ನೂ ನೀರು ತರುವುದಿಲ್ಲ. ಮೂರನೆಯದು ತೂಕ. ಅಂಕಿಗಳನ್ನು ಕೊಡುವುದು ಸಾಮಾನ್ಯವಾಗಿ ಇಷ್ಟು ಗ್ರಾಂ ಒಣ ಎಲೆಗೆ ಇಷ್ಟು ಎಂದು. ಒಂದು ಲೋಟಕ್ಕೆ ನಾವು ಹಾಕುವುದು ಒಂದೆರಡು ಗ್ರಾಂ. ಅದರಲ್ಲೂ ಒಂದು ಪಾಲು ಗಸಿಯಲ್ಲೇ ಉಳಿಯುತ್ತದೆ.

ಈ ಅಂಕಿಗಳ ಹಿಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿನ ಕೃಷಿ ಇಲಾಖೆ 2007ರಲ್ಲಿ ಓರಾಕ್ ಎಂಬ ಅಳತೆಯ ಪಟ್ಟಿ ಪ್ರಕಟಿಸಿತು. ಯಾವ ಆಹಾರದಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಬಲ ಎಂದು ಅದರಲ್ಲಿತ್ತು. 2010ರ ಪಟ್ಟಿಯಲ್ಲಿ ಲವಂಗದ ಪುಡಿಗೆ 100 ಗ್ರಾಂಗೆ ಸುಮಾರು 2.9 ಲಕ್ಷ ಅಂಕ. ನೂರು ಗ್ರಾಂ ಲವಂಗ ಯಾರು ತಿನ್ನುತ್ತಾರೆ? ಕಂಪನಿಗಳು ಮಾತ್ರ ಆ ಅಂಕಿಗಳನ್ನು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಹಾಕಿಕೊಂಡವು. 2012ರಲ್ಲಿ ಇಲಾಖೆ ಇಡೀ ಪಟ್ಟಿಯನ್ನೇ ವಾಪಸ್ ತೆಗೆದುಕೊಂಡಿತು. ಕಾರಣ ನೇರವಾಗಿತ್ತು: ಈ ಅಂಕಿಗಳಿಗೂ ಮನುಷ್ಯರ ಆರೋಗ್ಯಕ್ಕೂ ಸಂಬಂಧ ತೋರುವ ಪುರಾವೆ ಇಲ್ಲ, ಮಾರಾಟಕ್ಕೆ ಇವುಗಳ ದುರ್ಬಳಕೆ ಆಗುತ್ತಿದೆ. ಲೆಕ್ಕ ಹಾಕಿದವರೇ ಕೈಬಿಟ್ಟ ವಾದವನ್ನು ನಮ್ಮೂರಿನ ಪೊಟ್ಟಣಗಳು ಈಗಲೂ ಹೊತ್ತು ತಿರುಗುತ್ತಿವೆ.

ದೇಹದೊಳಗೆ ನಡೆಯುವುದು ಬೇರೆಯೇ ಕಥೆ. ಮೇಲೆ ಹೇಳಿದ ಗಿಡದ ಆಂಟಿಆಕ್ಸಿಡೆಂಟ್‌ಗಳೆಲ್ಲ ಪಾಲಿಫಿನಾಲ್ ಎಂಬ ಗುಂಪಿನವು. ಕಷಾಯದಲ್ಲಿ ಬರುವ ಈ ಪಾಲಿಫಿನಾಲ್‌ಗಳು ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ಕರುಳಿನ ಬ್ಯಾಕ್ಟೀರಿಯಾ ಮತ್ತು ಲಿವರ್ ಅವನ್ನು ಒಡೆದು ಬೇರೆ ರೂಪ ಮಾಡಿಬಿಡುತ್ತವೆ. ಸೇಬು ತಿಂದ ಮೇಲೆ ರಕ್ತದ ಆಂಟಿಆಕ್ಸಿಡೆಂಟ್ ಅಳತೆ ಏರುವುದನ್ನು ಒರೆಗಾನ್‌ನ ಸಂಶೋಧಕರು 2004ರಲ್ಲಿ ಪರೀಕ್ಷಿಸಿದರು. ಆ ಏರಿಕೆ ಸೇಬಿನ ಪಾಲಿಫಿನಾಲ್‌ನಿಂದ ಬಂದದ್ದಲ್ಲ. ಹಣ್ಣಿನ ಸಕ್ಕರೆಯಿಂದ ದೇಹದಲ್ಲಿ ಜಾಸ್ತಿಯಾದ ಯೂರಿಕ್ ಆಮ್ಲದಿಂದ. ಇನ್ನೊಂದು ಮಾತು. ಫ್ರೀ ರ್‍ಯಾಡಿಕಲ್ ಎಂದರೆ ಬರೀ ಶತ್ರುವಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳು ಅವನ್ನೇ ಬಳಸುತ್ತವೆ.

ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದು ಎಂಬ ನಂಬಿಕೆ ಫಿನ್ಲೆಂಡಿನಲ್ಲಿ ಕೆಟ್ಟದಾಗಿ ಮುರಿದುಬಿತ್ತು. ಸಿಗರೇಟು ಚಟವಿದ್ದ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲ 1994ರಲ್ಲಿ ಹೊರಬಂತು. ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟ್‌ನ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ ಇತ್ತು. ಮಾತ್ರೆಯೇ ಬೇರೆ, ಕಷಾಯವೇ ಬೇರೆ ನಿಜ. ಒಂದು ಲೋಟ ತುಳಸಿ ನೀರಿನಿಂದ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ‘ಆಂಟಿಆಕ್ಸಿಡೆಂಟ್’ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಆರೋಗ್ಯಕ್ಕೆ ಒಳ್ಳೆಯದು ಎನ್ನಲಾಗದು ಎಂಬುದಷ್ಟೇ ಇದರ ಪಾಠ.

ಹಾಗಾದರೆ ಯಾವ ಗಿಡಕ್ಕೂ ಗುಣವಿಲ್ಲವೇ? ಇದೆ, ಆದರೆ ಅದನ್ನು ಮನುಷ್ಯರಲ್ಲೇ ಪರೀಕ್ಷಿಸಿ ನೋಡಬೇಕು. ಕೆಂಪು ಪುಂಡಿಯ ಹೂವಿನ ದಪ್ಪ ಪುಷ್ಪಪಾತ್ರೆಯಿಂದ ಮಾಡುವ ಪಾನೀಯಕ್ಕೆ ಇಂಥ ಪರೀಕ್ಷೆ ಆಗಿದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 65 ಜನ ಇದ್ದರು. ರಕ್ತದೊತ್ತಡ ಸ್ವಲ್ಪ ಜಾಸ್ತಿ ಇದ್ದವರು. ದಿನಕ್ಕೆ ಮೂರು ಲೋಟದಂತೆ ಆರು ವಾರ ಕುಡಿದವರಲ್ಲಿ ಮೇಲಿನ ಒತ್ತಡ ಸರಾಸರಿ 7.2 ಅಂಕ ಇಳಿಯಿತು, ಉಳಿದವರಲ್ಲಿ 1.3. ಇದು ನಂಬಬಹುದಾದ ಬಗೆಯ ಮಾತು. ಆದರೆ ಅದು ಪುಂಡಿ ಜಾತಿಯ ಗಿಡ. ನಮ್ಮ ಮನೆ ಮುಂದೆ ದೇವರಿಗೆಂದು ಬೆಳೆಸುವ ಕೆಂಪು ದಾಸವಾಳ ಅಲ್ಲ. ‘ದಾಸವಾಳ’ ಎಂದು ಬರೆದ ಪೊಟ್ಟಣದಲ್ಲಿ ಯಾವುದಿದೆ ಎಂದು ಕೇಳಿ ತೆಗೆದುಕೊಳ್ಳಬೇಕು.

ಇನ್ನು ಕಾಡು ಗಿಡ, ತೋಟದ ಗಿಡದ ವಿಷಯ. ನನಗೆ ಇದೇ ಅತ್ಯಂತ ಕುತೂಹಲದ ಭಾಗ. ಕಾಡಿನ ಗಿಡದಲ್ಲಿ ಸತ್ವ ಜಾಸ್ತಿ ಎಂಬ ಮಾತಿಗೆ ಒಂದು ಆಧಾರ ಇದೆ. ಗಿಡ ಈ ವಸ್ತುಗಳನ್ನು ಮಾಡಿಕೊಳ್ಳುವುದು ನಮಗಾಗಿ ಅಲ್ಲ, ತನ್ನ ರಕ್ಷಣೆಗೆ. ಬಿಸಿಲಿನ ಅತಿನೇರಳೆ ಕಿರಣ, ಹುಳುವಿನ ಕಾಟ, ನೀರಿನ ಕೊರತೆ, ಬಡ ಮಣ್ಣು, ಎಲ್ಲದಕ್ಕೂ ಅದು ಕೊಡುವ ಉತ್ತರಗಳಲ್ಲಿ ಪಾಲಿಫಿನಾಲ್ ಒಂದು. ಯೂರಿಯಾ ಹಾಕಿ ನೀರು ಬಿಟ್ಟು ಬೆಳೆಸಿದ ಗಿಡ ದಷ್ಟಪುಷ್ಟವಾಗಿ ಎಲೆ ಬಿಡುತ್ತದೆ, ಆದರೆ ಆ ಎಲೆಯಲ್ಲಿ ಒಗರು ಸಾಮಾನ್ಯವಾಗಿ ಕಡಿಮೆ.

ಆದರೆ ಮಲೆನಾಡಿನ ಕಾಡು ಎಂದರೆ ಬಿಸಿಲಲ್ಲ, ನೆರಳು. ಇಲ್ಲಿಯೇ ಸುಲಭದ ವಾದ ತಪ್ಪುತ್ತದೆ. ನೆರಳಿನಲ್ಲಿ ಈ ವಸ್ತುಗಳು ಕಡಿಮೆಯಾಗುವುದೇ ಹೆಚ್ಚು. ಜಪಾನಿನಲ್ಲಿ ಮಾಚ್ಚಾ ಚಹಾಕ್ಕೆ ಬೆಳೆಸುವ ಗಿಡಗಳಿಗೆ ಕೊಯ್ಲಿಗೆ ಕೆಲವು ವಾರ ಮೊದಲು ಬೇಕೆಂದೇ ಚಪ್ಪರ ಹಾಕುತ್ತಾರೆ. ಆಗ ಎಲೆಯ ಒಗರಾದ ಕ್ಯಾಟೆಚಿನ್ ಇಳಿದು ರುಚಿ ಮೆದುವಾಗುತ್ತದೆ. ಅಂದ ಮೇಲೆ ಬಿಸ್ಲೆ ಕಾಡಿನ ದಟ್ಟ ನೆರಳಲ್ಲಿ ಬೆಳೆದ ಸೊಪ್ಪಿಗಿಂತ ಕಡೂರಿನ ಬಯಲಿನಲ್ಲಿ ಬಿಸಿಲುಂಡ ತುಳಸಿಯಲ್ಲೇ ಈ ವಸ್ತುಗಳು ಜಾಸ್ತಿ ಇದ್ದರೆ ಆಶ್ಚರ್ಯವಿಲ್ಲ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಬೋಳು ಹುಲ್ಲುಗಾವಲಿನ ಗಿಡ ಬೇರೆ. ಅದೇ ಗುಡ್ಡದ ಕೆಳಗೆ ಹಾಲವಾಣ, ಅತ್ತಿ, ಸಿಲ್ವರ್ ಓಕ್ ನೆರಳಿನ ಕಾಫಿ ತೋಟದಲ್ಲಿ ಎದ್ದ ಗಿಡ ಬೇರೆ. ಎರಡೂ ‘ಚಿಕ್ಕಮಗಳೂರಿನ ಗಿಡ’ವೇ.

ತಳಿ, ಎಲೆಯ ವಯಸ್ಸು, ಕೊಯ್ದ ತಿಂಗಳು, ಇವೂ ಅಷ್ಟೇ ಮುಖ್ಯ. ಒಂದೇ ಗಿಡದ ಚಿಗುರಿಗೂ ಬಲಿತ ಎಲೆಗೂ ವ್ಯತ್ಯಾಸವಿದೆ. ಹೀಗಾಗಿ ಕಾಡಿನದ್ದು ಮತ್ತು ಬೆಳೆಸಿದ್ದನ್ನು ಹೋಲಿಸಿದ ಅಧ್ಯಯನಗಳಲ್ಲಿ ಒಂದೇ ಉತ್ತರ ಬರುವುದಿಲ್ಲ. ಕೆಲವು ಗಿಡದಲ್ಲಿ ಕಾಡಿನದ್ದು ಮುಂದೆ, ಕೆಲವದರಲ್ಲಿ ತೋಟದ್ದು. ‘ಕಾಡಿನದ್ದು, ಆದ್ದರಿಂದ ಶ್ರೇಷ್ಠ’ ಎಂದು ಬೆಲೆ ದುಪ್ಪಟ್ಟು ಮಾಡಲು ಇದು ಸಾಲದು.

ಕುಡಿಯುವವರ ಮಟ್ಟಿಗೆ ಈ ವ್ಯತ್ಯಾಸಕ್ಕಿಂತ ದೊಡ್ಡದು ಒಣಗಿಸುವ ರೀತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೃಂಗೇರಿ, ಕೊಪ್ಪ, ಮೂಡಿಗೆರೆ ಕಡೆ ಬಟ್ಟೆಯೇ ಒಣಗುವುದಿಲ್ಲ. ಎಲೆ ಎಲ್ಲಿ ಒಣಗಬೇಕು? ಅಡುಗೆಮನೆ ಅಟ್ಟದ ಮೇಲೆ ಹರವಿದ ದೊಡ್ಡಪತ್ರೆ ಮೂರನೇ ದಿನಕ್ಕೆ ಕಪ್ಪಾಗಿ ಮೆತ್ತಗಾಗಿರುತ್ತದೆ. ಅದರ ಎಲೆಯಲ್ಲಿ ನೀರು ಜಾಸ್ತಿ, ದಪ್ಪವೂ ಜಾಸ್ತಿ. ಎಲೆ ನಿಧಾನಕ್ಕೆ ಒಣಗಿದಷ್ಟೂ ಅದರೊಳಗಿನ ಕಿಣ್ವಗಳು ಪಾಲಿಫಿನಾಲ್‌ಗಳನ್ನು ತಿಂದುಹಾಕುತ್ತವೆ. ಮೇಲಿಂದ ಬೂಷ್ಟು. ಬೂಷ್ಟು ಬಂದದ್ದನ್ನು ಬಿಸಿಲಿಗೆ ಹಾಕಿ ಝಾಡಿಸಿ ಪುಡಿ ಮಾಡಿದರೆ ಕಣ್ಣಿಗೆ ಕಾಣದು, ಆದರೆ ಕೆಲವು ಬೂಷ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ. ಒಳ್ಳೆಯ ಒಣ ಎಲೆಯನ್ನು ಕೈಯಲ್ಲಿ ಹಿಡಿದು ಮುರಿದರೆ ಚಟ್ಟೆಂದು ಮುರಿಯಬೇಕು, ಬಾಗಬಾರದು. ಬಣ್ಣ ಹಸಿರಾಗಿಯೇ ಇರಬೇಕು. ಮೂಗಿಗೆ ಹಿಡಿದರೆ ಆ ಗಿಡದ್ದೇ ವಾಸನೆ ಬರಬೇಕು. ಮುಗ್ಗಲು ವಾಸನೆ ಬಂದರೆ ಎಸೆಯಿರಿ.

ಕಾಯಿಸುವುದರಲ್ಲೂ ಒಂದು ವಿಷಯ. ಮಜ್ಜಿಗೆ ಹುಲ್ಲಿನ ಪರಿಮಳ ಸಿಟ್ರಾಲ್‌ನದು, ತುಳಸಿಯದ್ದು ಬಹುಪಾಲು ಯೂಜೆನಾಲ್. ಇವು ಆವಿಯ ಜೊತೆ ಹಾರಿಹೋಗುವ ಎಣ್ಣೆಗಳು. ಮುಚ್ಚಳ ತೆಗೆದು ಕೊತಕೊತ ಕುದಿಸಿದರೆ ಮನೆಯೆಲ್ಲ ಘಮಘಮ, ಲೋಟದಲ್ಲಿ ಏನೂ ಇಲ್ಲ. ಎಲೆಯ ಕಷಾಯಕ್ಕೆ ಕುದಿನೀರು ಹುಯ್ದು, ತಟ್ಟೆ ಮುಚ್ಚಿ, ಐದರಿಂದ ಹತ್ತು ನಿಮಿಷ ಬಿಟ್ಟರೆ ಸಾಕು. ಬೇರು, ತೊಗಟೆ, ಕಾಳುಗಳಿಗೆ ಮಾತ್ರ ಕುದಿಸಬೇಕು. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಪುಡಿ ಮಾಡಿದ ನಮ್ಮ ಕಷಾಯ ಪುಡಿಯನ್ನು ಕುದಿಸುವುದು ಇದೇ ಕಾರಣಕ್ಕೆ ಸರಿ.

ಈಗ ಪೊಟ್ಟಣದ ಮೇಲೆ ಯಾರೂ ಬರೆಯದ ಸಂಗತಿಗೆ ಬರುತ್ತೇನೆ. ಆಂಟಿಆಕ್ಸಿಡೆಂಟ್ ಎಂದು ಹೊಗಳುವ ಈ ಪಾಲಿಫಿನಾಲ್‌ಗಳೇ ಊಟದಲ್ಲಿನ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ತಡೆಯುತ್ತವೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರೆಡ್ ಊಟದ ಜೊತೆ ಬೇರೆ ಬೇರೆ ಪಾನೀಯ ಕೊಟ್ಟು ಕಬ್ಬಿಣ ಎಷ್ಟು ಹೀರಿಕೆಯಾಯಿತು ಎಂದು ಅಳೆದರು. ಕಪ್ಪು ಚಹಾ ಅದನ್ನು ಶೇ 79ರಿಂದ 94ರಷ್ಟು ಕಡಿಮೆ ಮಾಡಿತು. ಪೆಪ್ಪರ್‌ಮಿಂಟ್ ಪುದೀನದ ಪಾನೀಯ ಶೇ 84. ಕ್ಯಾಮೊಮೈಲ್ ಹೂವಿನದು ಶೇ 47. ‘ಹರ್ಬಲ್ ಆದ್ದರಿಂದ ಟೀ ಥರ ತೊಂದರೆಯಿಲ್ಲ’ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಇದು ನಮಗೆ ಯಾಕೆ ಮುಖ್ಯ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಹೆಚ್ಚೂ ಕಡಿಮೆ ಇಬ್ಬರಲ್ಲಿ ಒಬ್ಬರು. ಹಾಸನದ ಕಡೆ ರಾಗಿ ಮುದ್ದೆ, ಸೊಪ್ಪಿನ ಸಾರು ದಿನದ ಊಟ. ಅವುಗಳಲ್ಲಿ ಕಬ್ಬಿಣವಿದೆ, ಆದರೆ ಗಿಡಮೂಲದ ಕಬ್ಬಿಣ ಮೊದಲೇ ಕಷ್ಟಪಟ್ಟು ಸೇರುವಂಥದ್ದು, ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಮತ್ತಷ್ಟು ತಡೆಯುತ್ತದೆ. ತೋಟದ ಕೆಲಸಕ್ಕೆ ಬರುವ ಹೆಂಗಸರು ಬುತ್ತಿ ಬಿಚ್ಚಿ ಉಂಡ ಕೂಡಲೇ ಒಂದು ಲೋಟ ಟೀ ಕುಡಿದು ಮತ್ತೆ ಗಿಡದ ಸಾಲಿಗೆ ಹೋಗುತ್ತಾರೆ. ಆ ಟೀ ಬದಲು ಹರ್ಬಲ್ ಪಾನೀಯ ಕೊಟ್ಟರೂ ಕಬ್ಬಿಣದ ಲೆಕ್ಕದಲ್ಲಿ ದೊಡ್ಡ ಲಾಭವಿಲ್ಲ. ಲಾಭ ಇರುವುದು ಹೊತ್ತು ಬದಲಿಸುವುದರಲ್ಲಿ. ಊಟಕ್ಕೂ ಕಷಾಯಕ್ಕೂ ನಡುವೆ ಒಂದು ಗಂಟೆ ಬಿಡಿ. ಊಟದ ಜೊತೆ ನಿಂಬೆಹಣ್ಣು, ಪೇರಲೆ ಇದ್ದರೆ ಅದರ ವಿಟಮಿನ್ ಸಿ ಕಬ್ಬಿಣ ಸೇರಲು ನೆರವಾಗುತ್ತದೆ. ಬಸುರಿಯರು, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಆ ಮಾತ್ರೆಯನ್ನು ಕಷಾಯದಲ್ಲಿ ನುಂಗಲೇಬಾರದು. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಮಾತ್ರೆ ಕೊಡುವಾಗ ‘ಅಕ್ಕಾ, ಟೀ ಜೊತೆ ತಗೋಬೇಡಿ’ ಎನ್ನುತ್ತಾರಲ್ಲ, ಅದಕ್ಕೆ ‘ಕಷಾಯದ ಜೊತೆನೂ ಬೇಡ’ ಎಂದು ಸೇರಿಸಿದರೆ ಎಷ್ಟೋ ಉಪಕಾರ.

ಗಿಡ ಸರಿಯಾಗಿ ಗುರುತಿಸುವುದೂ ಜೀವದ ಪ್ರಶ್ನೆ. ಕೋವಿಡ್ ಹೊತ್ತಿನಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಗೆ ಬಂತು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಕುಡಿದ ಆರು ಜನರಲ್ಲಿ ಲಿವರ್‌ಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಮರುವರ್ಷ ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ 43 ಜನರ ವರದಿ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಇನ್ನೊಂದು ಬಳ್ಳಿಯಿಂದ ತೊಂದರೆ ಇರಬಹುದು ಎಂದಿತು. ಯಾರ ಮಾತು ಸರಿಯಾದರೂ ಬೇಲಿ ಮೇಲೆ ಹಬ್ಬಿದ ಬಳ್ಳಿಯನ್ನು ಅಂದಾಜಿನ ಮೇಲೆ ಕಿತ್ತು ತಿಂಗಳುಗಟ್ಟಲೆ ಕುಡಿಯುವುದು ಬೇಡ. ಲಿವರ್ ಅಥವಾ ಥೈರಾಯ್ಡ್ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಸಿಹಿಗೆಂದು ಹಾಕುವ ಅತಿಮಧುರವೂ ಹಾಗೆಯೇ. ಅದು ಜಾಸ್ತಿಯಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಕಾಫಿ ತೋಟದ ಸೊಪ್ಪಿಗೆ ಇನ್ನೊಂದು ಅಪಾಯ ಇದೆ. ಕಾಲುವೆ ಬದಿಯಲ್ಲಿ ಚೆಂದಾಗಿ ಹಬ್ಬಿದ ಒಂದೆಲಗ ಕಾಡಿನಷ್ಟೇ ಶುದ್ಧವಾಗಿ ಕಾಣುತ್ತದೆ. ಆದರೆ ಮಳೆಗೆ ಮೊದಲು ಕಾಫಿಗೆ, ಅಡಿಕೆಗೆ ಬೋರ್ಡೋ ಹೊಡೆದಿರುತ್ತಾರೆ. ಅದು ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಆಳಿನ ಕೊರತೆಯಿಂದ ಎಷ್ಟೋ ತೋಟಗಳಲ್ಲಿ ಕಳೆನಾಶಕವನ್ನೂ ಹೊಡೆಯುತ್ತಾರೆ. ತಾನಾಗಿ ಹುಟ್ಟಿದೆ ಎಂದ ಮಾತ್ರಕ್ಕೆ ಅದು ಔಷಧಿ ಬೀಳದ ಗಿಡವಲ್ಲ. ತೋಟದವರನ್ನು ಕೇಳಿಯೇ ಕೀಳಬೇಕು.

ಆಂಟಿಆಕ್ಸಿಡೆಂಟ್‌ನದೇ ಲೆಕ್ಕ ಹಾಕುವುದಾದರೆ, ನಮ್ಮ ಊರಿನ ಕಾಫಿಗಿಂತ ಆಚೆ ಹುಡುಕುವ ಅಗತ್ಯವೇ ಇಲ್ಲ. ಕಾಫಿ ಬೀಜದಲ್ಲಿ ಕ್ಲೋರೊಜೆನಿಕ್ ಆಮ್ಲ ಹೇರಳ, ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಜಾಸ್ತಿ. ಹುರಿದಷ್ಟೂ ಕಡಿಮೆಯಾಗುತ್ತದೆ ನಿಜ, ಆದರೂ ಉಳಿಯುವುದು ಸಣ್ಣದಲ್ಲ. ಜನ ದಿನಕ್ಕೆ ಎರಡು ಮೂರು ಸಲ ಕುಡಿಯುವುದರಿಂದ ಅಮೆರಿಕ, ನಾರ್ವೆಯಂಥ ದೇಶಗಳಲ್ಲಿ ಜನರ ಆಹಾರದ ಆಂಟಿಆಕ್ಸಿಡೆಂಟ್‌ಗಳ ಅತಿ ದೊಡ್ಡ ಮೂಲ ಕಾಫಿ ಎಂದೇ ಲೆಕ್ಕಗಳು ಹೇಳಿವೆ. ಹಾಗೆಂದು ಕಾಫಿ ಔಷಧವಾಗಲಿಲ್ಲ. ಕಬ್ಬಿಣದ ವಿಷಯದಲ್ಲಿ ಅದೂ ಟೀ ಜಾತಿಯೇ.

ಕಾಡಿನ ಮಾತು ಮುಗಿಸುವ ಮುನ್ನ ಸೊಗದೆ ಬೇರಿನ ಬಗ್ಗೆ ಹೇಳಲೇಬೇಕು. ತುಳಸಿಯ ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಸೊಗದೆಯ ಘಮ ಇರುವುದು ಬೇರಿನಲ್ಲಿ, ಬೇರು ಅಗೆದರೆ ಗಿಡವೇ ಹೋಯಿತು. ಆ ತೆಳು ಬೇರು ಒಂದು ಕಿಲೋ ಆಗಬೇಕಾದರೆ ಎಷ್ಟು ಬಳ್ಳಿ ಕೀಳಬೇಕು, ಯೋಚಿಸಿ. ತೊಗಟೆಗಾಗಿ ಸುತ್ತಲೂ ಸುಲಿದ ಕಾಡು ದಾಲ್ಚಿನ್ನಿ ಮರದ ಕಥೆಯೂ ಅದೇ. ‘ಕಾಡಿನಿಂದ ತಂದದ್ದು’ ಎಂಬ ಹೊಗಳಿಕೆ ಹೆಚ್ಚಿದಷ್ಟೂ ಅಗೆಯುವ ಗುದ್ದಲಿಗಳೂ ಹೆಚ್ಚುತ್ತವೆ. ಕುಡಿಯುವವರಿಗೆ ಅದರಿಂದ ಹೆಚ್ಚಿನ ಲಾಭ ಇದೆ ಎಂದು ಖಚಿತವಾಗಿದ್ದರೆ ಆ ಚರ್ಚೆ ಬೇರೆ. ಖಚಿತವಿಲ್ಲದ ಲಾಭಕ್ಕೆ ಗಿಡವನ್ನೇ ಕಳೆದುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಸೊಗದೆಯನ್ನು ತೋಟದಲ್ಲಿ ಬೆಳೆಸಬಹುದು. ಕಾಫಿ ಬೆಲೆ ಏರಿಳಿಯುವ ಕಾಲದಲ್ಲಿ ಸಣ್ಣ ಬೆಳೆಗಾರರಿಗೆ ಇದೊಂದು ಜೊತೆ ಆದಾಯವೂ ಆದೀತು. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ, ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಯಾವ ಗಿಡ ಎಷ್ಟು ನೆರಳಿಗೆ ಒಗ್ಗುತ್ತದೆ, ಮಳೆಗಾಲದಲ್ಲಿ ಎಲೆ ಒಣಗಿಸಲು ಹಳ್ಳಿಗೊಂದು ಡ್ರೈಯರ್ ಹಾಕಿದರೆ ಖರ್ಚು ಗಿಟ್ಟುತ್ತದೆಯೇ, ಇಂಥ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಹುಡುಕಬಹುದು. ಪೊಟ್ಟಣದ ಮೇಲೆ ಗಿಡದ ಹೆಸರು, ಎಲೆಯೋ ಬೇರೋ ಎಂಬುದು, ಬೆಳೆದ ಊರು, ಕೊಯ್ದ ತಿಂಗಳು ಬರೆದರೆ ಕೊಳ್ಳುವವರಿಗೆ ಕೆಲಸಕ್ಕೆ ಬರುತ್ತದೆ. ‘ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯಿರಿ’ ಎಂಬ ಸಾಲಿಗೂ ಜಾಗ ಸಿಗಬೇಕು. ಈಗ ‘ಆಂಟಿಆಕ್ಸಿಡೆಂಟ್ ಭರಪೂರ’ ಎಂದಿರುವ ಜಾಗವೇ ಅದಕ್ಕೆ ಸಾಕು.